ಹಳ್ಳದಲ್ಲಿ ತೋಡಿದ ಒರತೆ

ಈಗಲೂ ಹಸಿ ಉಸುಕಿನ ವಾಸನೆ ಬಂದರೆ ನನ್ನ ಎಡಗೈಯ ಮಣಿಕಟ್ಟು ಬಿಗಿದಂತಾಗುತ್ತದೆ.

ಜೋರಾಪುರ ಪೇಟೆಯಿಂದ ಕಳ್ಳಕವಟಗಿಗೆ ಚಕ್ಕಡಿಯಲ್ಲಿ ಹೊರಟಿದ್ದೆವು: ಮಾಮಾ, ಅವನ ತಾಯಿಯಾದ ನನ್ನ ಆಯಿ, ಆರು ವರ್ಷದ ನಾನು. ದಾರಿಯಲ್ಲಿ ಒಂದು ಎತ್ತು ಕುಂಟತೊಡಗಿತು. ಹೊತ್ತು ಇನ್ನೂ ಇದ್ದರೂ ರಾತ್ರಿ ಇಲ್ಲೇ ತಂಗೋಣವೆಂದು ಮಾಮಾ ಒಣ ಹಳ್ಳದ ನಡುವೆ ಎತ್ತು ಬಿಚ್ಚಿದ. ಉಸುಕು ಹಾಸಿಗೆಯಷ್ಟು ಮೆತ್ತಗಿತ್ತು. ನಾನು ಕೈಯಿಂದಲೇ ಒರತೆ ತೋಡಿದೆ. ಮೆಲ್ಲಗೆ ನೀರು ಜಿನುಗಿ, ಅದರಲ್ಲಿ ಆಕಾಶದ ಒಂದು ಚೂರು ಬಂದು ನಿಂತಿತು. ಪಕ್ಕದಲ್ಲಿ ತಾಮ್ರದ ತಂಬಿಗೆ ಇಟ್ಟುಕೊಂಡು ನೋಡುತ್ತ ಕೂತೆ.

ಆಯಿ ಮಾತ್ರ ಪಡುವಣಕ್ಕೆ ನೋಡುತ್ತಿದ್ದಳು. ದೂರದಲ್ಲಿ, ಜತ್ತಿನ ಕಡೆ, ಬೆರಳಗಲ ಕಪ್ಪು.

“ದಂಡಿ ಮ್ಯಾಲ ನಡಿಯಪ್ಪಾ,” ಅಂದಳು.

“ಬಿಸಲ ಸುಡಾಕತ್ತೈತಿ ಯವ್ವಾ, ಎಲ್ಲಿ ಮಳಿ?” ಮಾಮಾ ನಕ್ಕ.

“ಮಳಿ ಅಲ್ಲಿ ಆದ್ರ ನೀರ ಇಲ್ಲಿಗೇ ಬರ್ತೈತಿ. ಏಳ.”

ಗೊಣಗುತ್ತಲೇ ಅವನು ಚಕ್ಕಡಿಯನ್ನು ದಿಬ್ಬಕ್ಕೆ ಏರಿಸಿದ. ತಂಬಿಗೆ ಕೆಳಗೇ ಉಳಿದಿತ್ತು. ತರುತ್ತೇನೆಂದು ನಾನು ಓಡಹೊರಟಾಗ ಆಯಿ ತನ್ನ ಸೆರಗಿನ ತುದಿಯನ್ನು ನನ್ನ ಮಣಿಕಟ್ಟಿಗೆ ಗಂಟು ಹಾಕಿದಳು. ನಾನು ಅಳುತ್ತ ಜಗ್ಗಿದೆ. ಅಷ್ಟರಲ್ಲಿ ತಿರುವಿನಾಚೆ ನೂರು ಬೀಸುಕಲ್ಲು ತಿರುಗಿದಂಥ ಸದ್ದು; ಹಿಂದೆಯೇ ಜಾಲಿಯ ಟೊಂಗೆಗಳನ್ನು ಹೊತ್ತ ರಾಡಿ ನೀರು. ತಂಬಿಗೆ ಒಮ್ಮೆ ಹೊಳೆದು ಕಾಣೆಯಾಯಿತು.

“ಆಯಿ, ನಾ ತೋಡಿದ್ದಕ್ಕ ಇಷ್ಟ ನೀರ ಬಂತೇನ?”

“ಹೂಂನವ್ವಾ,” ಅಂದಳು.

ಮಾಮಾ ಈ ಸಲ ನಗಲಿಲ್ಲ. ಮರುದಿನ ಕಳ್ಳಕವಟಗಿ ಮುಟ್ಟುವವರೆಗೂ ಆಯಿ ಆ ಗಂಟು ಬಿಚ್ಚಲಿಲ್ಲ.