ಜಪಾನಿಗೆ ಹೊರಟ ಮುಖ

ಜಪಾನಿನಲ್ಲಿ ನನ್ನ ಗಿರಿಜಾ ಮೀಸೆಯನ್ನು ಎಲ್ಲರೂ ತಿರುಗಿ ನೋಡುತ್ತಾರೆಂಬ ಚಿಂತೆ ತಿಂಗಳಿಂದ ಕಾಡುತ್ತಿತ್ತು. "ಇರಲಿ ಬಿಡ್ರೀ, ನಿಮ್ಮನ್ನ ಯಾರು ನೋಡ್ತಾರೆ?" ಎಂದಳು ಹೆಂಡತಿ ವನಮಾಲಾ. ನಾನು ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆಯನ್ನು ಹೊರಡುವ ದಿನ ಬೆಳಿಗ್ಗೆ ಬೋಳಿಸಿಬಿಟ್ಟೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ನೋಡುವ ಅಧಿಕಾರಿ ನನ್ನನ್ನು ತಡೆದರು. ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಹಿಂದಿದ್ದ ಇಡೀ ಸಾಲು ಕತ್ತು ಚಾಚಿ ನನ್ನನ್ನೇ ನೋಡತೊಡಗಿತು.

"ಅದು ನಾನೇ ಸಾರ್, ಮೀಸೆ ತೆಗ್ದಿದೀನಿ ಅಷ್ಟೇ," ಎಂದೆ. "ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ."

ಅಧಿಕಾರಿ ವನಮಾಲಾಳತ್ತ ತಿರುಗಿದರು. "ಇವರು ನಿಮ್ಮ ಯಜಮಾನರೇನಮ್ಮಾ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೆಳಿಗ್ಗೆಯಿಂದ ನನಗೂ ಅದೇ ಅನುಮಾನ ಸಾರ್," ಎಂದಳು.