ಶಾಣ್ಯಾ ಕೂಸು

ಅದು ಎಳೆಯ ಮಕ್ಕಳಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಶಿಬಿರ. ಪಿಸುಮಾತೂ ಇರಬಾರದ ಸಭಾಂಗಣದಲ್ಲಿ ಆಳೆತ್ತರದ ಧ್ವನಿವರ್ಧಕ ಒದರುತ್ತಿತ್ತು. ಡಾಕ್ಟರ್ ನೀಲಾಂಬಿಕಾಗೆ ಮೈಯೆಲ್ಲ ಉರಿದುಹೋಯಿತು.

"ಮೊದಲ ಅದನ್ನ ಬಂದ್ ಮಾಡಸ್ರಿ," ಎಂದು ಸಂಘಟಕನ ಮೇಲೆ ಹರಿಹಾಯ್ದಳು. "ಈ ಗದ್ದಲದಾಗ ಗಿಲಕಿ ಅಲ್ಲಾಡಿಸಿದ್ರ ಯಾವ ಕೂಸಿಗಿ ಕೇಳಸ್ತೈತಿ?"

"ಹೆಂಗ ಬಂದ್ ಮಾಡ್ಲಿರೀ ಮೇಡಂ? ಅಧ್ಯಕ್ಷ ಸಾಹೇಬ್ರ ಭಾಷಣ ಈಗರ ಶುರು ಆಗೇತಿ."

ಅಧ್ಯಕ್ಷರು ತಮ್ಮನ್ನು ತಾವೇ ಮನಸಾರೆ ಹೊಗಳಿಕೊಂಡರು. ನಡುನಡುವೆ ಹೊರಗೆ ಹಿಂಬಾಲಕರ ಪಟಾಕಿ ಬೇರೆ. ಬೆಚ್ಚಿಬಿದ್ದ ಕೂಸುಗಳು ಕಿಟಾರನೆ ಕಿರುಚುತ್ತಿದ್ದವು, ತಾಯಂದಿರು ಸೆರಗಿನಿಂದ ಅವುಗಳ ಕಿವಿ ಮುಚ್ಚುತ್ತಿದ್ದರು. ನೀಲಾಂಬಿಕಾ ಹೇಸಿಕೊಂಡು ಗಿಲಕಿಯನ್ನು ಚೀಲಕ್ಕೆ ಬಿಸಾಕಿದಳು.

ಭಾಷಣ ಮುಗಿಸಿದ ಅಧ್ಯಕ್ಷರು ಕೆಳಗಿಳಿದು ಬಂದು, ಧ್ವನಿವರ್ಧಕದ ಬುಡದಲ್ಲೇ ತಾಯಿಯ ತೊಡೆಯ ಮೇಲೆ ಮಲಗಿದ್ದ ಕೂಸಿನ ಕೆನ್ನೆ ಸವರಿದರು.

"ನೋಡ್ರಿ, ಎಷ್ಟ ಶಾಣ್ಯಾ ಕೂಸ ಐತಿ! ನನ್ನ ಭಾಷಣ ಮುಗಿಯೂತನಾ ಒಂದ್ಸಲನೂ ಅಳಲಿಲ್ಲ."

"ಹುಟ್ಟಿದಾಗಿಂದ ಹಿಂಗ ಐತ್ರೀ," ಎಂದು ತಾಯಿ ಹಿಗ್ಗಿದಳು.

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಕೂಸು ಮಿಸುಕಲಿಲ್ಲ.

ನೀಲಾಂಬಿಕಾ ಆ ತಾಯಿಯ ಪಕ್ಕ ಬಂದು ಕುಳಿತಳು.

"ಉಳಿದವ್ರು ಮನಿಗಿ ಹೋದ್ರೂ ನಡಿತೈತಿ, ತಂಗಿ. ನೀ ಮಾತ್ರ ಹೋಗಬ್ಯಾಡ."