ಅಂಟುಪಟ್ಟಿ

“ಏಳುನೂರ ಅರವತ್ತು ಚದರ ಸೆಂಟಿಮೀಟರ್! ಮುಗೀತಪ್ಪ!” ಎಂದು ಮಗಳು ಪೆನ್ಸಿಲನ್ನು ಮೇಜಿನ ಮೇಲೆ ಕುಕ್ಕಿದಾಗ ಅಪ್ಪನ ಎದೆ ಧಸಕ್ಕೆಂದಿತು. ಉತ್ತರ ಸರಿಯಾಗಿತ್ತು. ಸರಿಯಾಗಿದ್ದದ್ದೇ ಎಡವಟ್ಟಾಗಿತ್ತು.

ಒಪ್ಪಂದ ಆಗಿದ್ದೇ ಹಾಗೆ. ಹೆಂಡತಿ ಅವನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಈ ಬಾಡಿಗೆ ಮನೆಗೆ ಬಂದು ವರ್ಷ ತುಂಬಿತ್ತು. ಮಗಳು ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆಂದು ಹೆಂಡತಿಯೇ ಫೋನು ಮಾಡಿ, “ಬಂದು ಹೇಳ್ಕೊಡಿ. ಲೆಕ್ಕ ಮುಗಿದ ಮೇಲೆ ಹೊರಡಿ” ಎಂದಿದ್ದಳು. ಈ ಪುಣ್ಯಾತ್ಮನೋ, ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ತಲೆ ನರೆಸಿಕೊಂಡವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ರಟ್ಟಿನ ಹಾಳೆ ಸಿಕ್ಕಿಸಿಕೊಂಡು, ಹೆಣ್ಣು ನೋಡಲು ಬಂದವನಂತೆ ಬಂದು ಕೂತಿದ್ದ. ಕತ್ತಲಾಗುವವರೆಗೂ ಹೇಗೋ ಎಳೆಯಬಹುದು ಎಂದು ಲೆಕ್ಕ ಹಾಕಿದ್ದ. ಮಗಳು ನೋಡಿದರೆ ಅವನ ಲೋಟದ ಚಹಾ ಆರುವ ಮೊದಲೇ ಮುಗಿಸಿ ಕೂತಿದ್ದಾಳೆ!

ತಪ್ಪು ಅವನದೇ. ಯಾರು ಅಷ್ಟು ಚೆನ್ನಾಗಿ ಹೇಳಿಕೊಡು ಅಂದಿದ್ದರು? ಘನದ ಮೇಲೆ ಪಿರಮಿಡ್ ಕೂರಿಸಿದ ಆಕೃತಿ ಅದು, ಚೂಪು ಸೂರಿನ ಪುಟ್ಟ ಮನೆಯ ಹಾಗೆ. ಅದನ್ನು ಬಿಚ್ಚಿ ನೆಲಕ್ಕೆ ಹರಡಿದರೆ ಹೇಗಿರುತ್ತದೆಂದು ರಟ್ಟು ಕತ್ತರಿಸಿಯೇ ತೋರಿಸಿದ್ದ. ನಡುವೆ ತಳದ ಚೌಕ, ಅದರ ಸುತ್ತ ನಾಲ್ಕು ಗೋಡೆಯ ಚೌಕ, ಪ್ರತಿ ಗೋಡೆಯ ತುದಿಗೂ ಒಂದು ತ್ರಿಕೋನ. “ಘನಕ್ಕೆ ಆರು ಮುಖ ಅಲ್ವಾ? ಇಲ್ಲಿ ಐದೇ ಇದೆ” ಎಂದು ಮಗಳು ಹುಬ್ಬು ಗಂಟಿಕ್ಕಿದಾಗ, “ಮೇಲಿನದು ಪಿರಮಿಡ್‌ಗೆ ಅಂಟಿಕೊಂಡು ಒಳಗೆ ಹೋಯ್ತಲ್ಲ ಪುಟ್ಟಿ. ಹೊರಗೆ ಕಾಣೋದಷ್ಟೇ ಮೇಲ್ಮೈ” ಎಂದಿದ್ದ. ಅಷ್ಟು ಸಾಕಾಯಿತು ಅವಳಿಗೆ. ಚೌಕ ಒಂದಕ್ಕೆ ನೂರು, ತ್ರಿಕೋನ ಒಂದಕ್ಕೆ ಅರವತ್ತೈದು ಎಂದು ಸರಸರನೆ ಕೂಡಿಬಿಟ್ಟಳು.

“ತಪ್ಪು,” ಎಂದ ಅಪ್ಪ.

“ಯಾಕಪ್ಪ ತಪ್ಪು?”

ಅವನು ತಲೆ ಕೆರೆದುಕೊಂಡ. “ಅಂಟುಪಟ್ಟಿ ಎಲ್ಲಿ? ಗೋಡೆಗೆ ಗೋಡೆ ಅಂಟಿಸೋಕೆ ಅಂಚಲ್ಲಿ ಬೆರಳಗಲ ಪಟ್ಟಿ ಬಿಡಬೇಕು ತಾನೇ? ಅದನ್ನ ಯಾರು ಸೇರಿಸ್ತಾರೆ, ನಿಮ್ಮ ತಾತನಾ?”

“ಅಯ್ಯೋ ಅಪ್ಪಾ! ಪುಸ್ತಕದಲ್ಲಿ ಅಂಟುಪಟ್ಟಿನೇ ಇಲ್ಲ!”

“ಪುಸ್ತಕ ಬರೆದವರು ಯಾವತ್ತಾದ್ರೂ ಪೆಟ್ಟಿಗೆ ಮಾಡಿದ್ದಾರಾ? ಪಟ್ಟಿ ಇಲ್ಲದ ಹಾಳೆ ತಂದ್ರೆ ನಮ್ಮ ಮೇಸ್ತ್ರಿ ಅದನ್ನ ಸುತ್ತಿ ನಮ್ಮ ತಲೆಗೇ ಬಾರಿಸ್ತಾನೆ. ಮೊದಲಿಂದ ಮಾಡು. ನಿಧಾನಕ್ಕೆ ಮಾಡು, ಏನೂ ಅವಸರ ಇಲ್ಲ.”

ಮಗಳು ಉಸ್ಸೆಂದು ಹೊಸ ಹಾಳೆ ತೆಗೆದಳು. ಅಪ್ಪ ಕುರ್ಚಿಗೆ ಒರಗಿಕೊಂಡ. ಕಿಟಕಿಯ ಹತ್ತಿರ ಹೆಂಡತಿಯ ಬಾಚಣಿಗೆ ಇತ್ತು, ಅದರ ಹಲ್ಲಿಗೆ ಒಂದು ಉದ್ದ ಕೂದಲು ಸಿಕ್ಕಿಕೊಂಡಿತ್ತು. ಅಡುಗೆಮನೆಯಿಂದ ಪಾತ್ರೆಗಳ ಸದ್ದು ಬರುತ್ತಿತ್ತು. ಅವನ ಮನೆಯಲ್ಲಿ ಈಗ ಯಾವ ಸದ್ದಾದರೂ ಅದು ಅವನೇ ಮಾಡಿದ ಸದ್ದು. ಇನ್ನೊಂದರ್ಧ ಗಂಟೆ ಇಲ್ಲೇ, ಈ ಗದ್ದಲದಲ್ಲೇ ಕೂತಿರಬೇಕು ಎಂದು ಅವನ ಜೀವ ಹಂಬಲಿಸಿತು. ಅವಳು ಮನೆ ಬಿಟ್ಟು ಹೊರಟ ದಿನ ‘ಹೋಗಬೇಡ’ ಎನ್ನಬೇಕಾದವನು ‘ಛತ್ರಿ ತಗೊಂಡ್ಯಾ?’ ಎಂದು ಕೇಳಿದ್ದ. ಬಾಯಿಬಿಡಬೇಕಾದ ಹೊತ್ತಿನಲ್ಲಿ ಅಂಥ ದಂಡಪಿಂಡ.

ಪಾತ್ರೆಗಳ ಸದ್ದು ನಿಂತಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. “ಇನ್ನೂ ಮುಗಿಲಿಲ್ವಾ?”

“ನಾನು ಆಗಲೇ ಮಾಡಿದ್ದೆ ಅಮ್ಮ. ಅಪ್ಪ ತಪ್ಪು ಅಂದ್ರು.”

ಅವಳು ಪುಸ್ತಕ ಎತ್ತಿಕೊಂಡು, ಹರಡಿದ್ದ ರಟ್ಟಿನ ಮೇಲೆ ಬೆರಳಾಡಿಸುತ್ತ ತನ್ನಷ್ಟಕ್ಕೇ ಎಣಿಸಿದಳು. “ಐದು ಚೌಕ, ಐನೂರು. ನಾಲ್ಕು ತ್ರಿಕೋನ, ಇನ್ನೂರ ಅರವತ್ತು. ಸರಿಯಾಗೇ ಇದೆಯಲ್ಲ?”

“ಅಲ್ಲ, ಅದು... ಅಂಟುಪಟ್ಟಿ...” ಅಪ್ಪನ ಮುಖ ಕಿವಿಯವರೆಗೂ ಕೆಂಪಾಯಿತು.

ಹೆಂಡತಿ ಅವನನ್ನೇ ನೋಡಿದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ಸರಿ ಇರೋ ಲೆಕ್ಕನ ಯಾಕ್ರೀ ತಪ್ಪು ಅಂತೀರಿ?” ಎಂದಳು ಮೆಲ್ಲಗೆ. “ಇರಬೇಕು ಅನ್ಸಿದ್ರೆ ಇರ್ತೀನಿ ಅನ್ನಿ.”

ಅವಳು ಅಲ್ಲೇ ನಿಂತಳು. ಮಗಳು ಪೆನ್ಸಿಲ್ ಕಚ್ಚುತ್ತ ಇಬ್ಬರ ಮುಖವನ್ನೂ ನೋಡಿದಳು. ‘ಇರ್ತೀನಿ’ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಕರುಣೆಯಿಂದ ಕೇಳುತ್ತಿದ್ದಾಳೋ ಏನೋ, ಇದ್ದರೆ ಎಷ್ಟು ಹೊತ್ತು, ಆಮೇಲೆ ಏನು ಮಾತಾಡುವುದು... ಅಷ್ಟರಲ್ಲಿ ಆ ಮಾತು ಎಲ್ಲಿಗೋ ಜಾರಿತು.

“ಇಲ್ಲ ಇಲ್ಲ, ಹೊತ್ತಾಯ್ತು. ಬರ್ತೀನಿ,” ಎಂದು ಎದ್ದುಬಿಟ್ಟ.

“ಹಾಗಾ? ಸರಿ,” ಎಂದಳು ಅವಳು. ಮಗಳ ತಲೆ ಸವರಿ ಅವನು ಚಪ್ಪಲಿ ಮೆಟ್ಟಿದ. ಹಿಂದೆ ಬಾಗಿಲು ಹಾಕಿಕೊಂಡಿತು. ಮೆಟ್ಟಿಲ ಮೇಲೆ, ತನ್ನನ್ನೇ ಬೈದುಕೊಳ್ಳುತ್ತ, ವಾಪಸ್ ಹೋಗಿ ಬಾಗಿಲು ಬಡಿಯಲೇ ಎಂದು ಕಂಬಿ ಹಿಡಿದು ನಿಂತ. ಆಗ ಅಡುಗೆಮನೆಯ ಕಿಟಕಿಯಿಂದ ಮಗಳ ದನಿ ಕೇಳಿಸಿತು.

“ಅಮ್ಮಾ, ಮೂರು ತಟ್ಟೆ ಯಾಕೆ ಇಟ್ಟಿದ್ದೀಯ?”